ನಿಂತ ಕಾರಿಗೂ ವಯಸ್ಸಾಗುತ್ತದೆ

ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ಈಗ ಅವನೂ ಇಬ್ಬರು ಮಕ್ಕಳ ತಂದೆ. ಯಾರೋ ಹಿರಿಯರು ಇಟ್ಟುಕೊಂಡಿದ್ದ ಕಾರೊಂದನ್ನು ಕೊಂಡಿದ್ದಾನಂತೆ. “ಸಾರ್, ಒಬ್ಬರೇ ಓನರ್. ಎಂಟು ವರ್ಷದಲ್ಲಿ ಬರೀ ಹದಿನೆಂಟು ಸಾವಿರ ಕಿಲೋಮೀಟರ್ ಓಡಿದೆ. ಹೊಸದರ ಹಾಗೇ ಇದೆ. ಇನ್ನೆರಡು ವರ್ಷ ಗ್ಯಾರೇಜಿನ ಕಡೆ ತಲೆ ಹಾಕಬೇಕಾಗಿಲ್ಲ” ಎಂದು ಹೆಮ್ಮೆಯಿಂದ ಹೇಳಿದ. ಆ ಮಾತು ಕೇಳಿ ನನ್ನ ಎದೆ ಝಲ್ಲೆಂದಿತು. ಹೆಚ್ಚು ಕಡಿಮೆ ಇದೇ ಮಾತನ್ನು ಒಮ್ಮೆ ನಾನೂ ಆಡಿದ್ದೆ. ಅದರ ಬೆಲೆಯನ್ನು ಚಾರ್ಮಾಡಿ ಘಾಟಿಯಲ್ಲಿ ತೆರುವುದರಲ್ಲಿದ್ದೆ.

ಈ ಪ್ರಸಂಗವನ್ನು ಬಂಧುಗಳಲ್ಲಿ ಅನೇಕರಿಗೆ ನಾನು ಹೇಳಿಯೇ ಇಲ್ಲ. ಸ್ವಂತ ಮಗಳಿಗೆ ಹೇಳಲು ಆರು ತಿಂಗಳು ಬೇಕಾಯಿತು. ಮೂವತ್ತಕ್ಕೂ ಹೆಚ್ಚು ವರ್ಷ ಭೌತಶಾಸ್ತ್ರ ಪಾಠ ಮಾಡಿದವನಿಗೆ ತನ್ನ ಪಾಠ ತನಗೇ ಬರಲಿಲ್ಲವೆಂದು ಒಪ್ಪಿಕೊಳ್ಳುವುದು ಸುಲಭವಲ್ಲ. ಆದರೆ ಆ ಹುಡುಗನ ಫೋನು ಬಂದ ಮೇಲೆ ಸುಮ್ಮನಿರುವುದು ತಪ್ಪೆನಿಸಿತು. ಕಾರಿಟ್ಟುಕೊಂಡಿರುವ ನನ್ನ ವಿದ್ಯಾರ್ಥಿಗಳೂ ಬಂಧುಗಳೂ ಇದನ್ನು ಒಮ್ಮೆ ಓದಲಿ ಎಂದು ಬರೆಯುತ್ತಿದ್ದೇನೆ.

ನಾವು ನಾಯಂಡಹಳ್ಳಿಗೆ ಮನೆ ಮಾಡಿಕೊಂಡು ಬಂದದ್ದು 1991ರಲ್ಲಿ. ಆಗ ಹೊರವರ್ತುಲ ರಸ್ತೆ ಇನ್ನೂ ಪೂರ್ಣಗೊಂಡಿರಲಿಲ್ಲ. ಮೈಸೂರು ರಸ್ತೆಯಲ್ಲಿ ಲಾರಿ, ಬಸ್ಸುಗಳನ್ನು ಬಿಟ್ಟರೆ ಕಾರುಗಳು ಇಂದಿನ ಲೆಕ್ಕದಲ್ಲಿ ಇಲ್ಲವೆಂದೇ ಹೇಳಬೇಕು. ನಾನು ಶಾಲೆಗೆ ಮೊದಲು ಸೈಕಲ್ಲಿನಲ್ಲಿಯೂ ಆಮೇಲೆ ಸ್ಕೂಟರಿನಲ್ಲಿಯೂ ಹೋಗುತ್ತಿದ್ದೆ. 1999ರಲ್ಲಿ ಧೈರ್ಯ ಮಾಡಿ ಒಂದು ಹಳೆಯ ಮಾರುತಿ 800 ಕೊಂಡೆ. 1983ರ ಡಿಸೆಂಬರಿನಲ್ಲಿ ಮೊದಲು ರಸ್ತೆಗಿಳಿದ, 796 ಸಿ.ಸಿ.ಯ, ಮೂರು ಸಿಲಿಂಡರಿನ ಆ ಪುಟ್ಟ ಕಾರು ನನ್ನಂಥ ಸಂಬಳದಾರರಿಗೆ ನಾಲ್ಕು ಚಕ್ರದ ಕನಸನ್ನು ಕೊಟ್ಟಿತ್ತು. 2014ರಲ್ಲಿ ಅದರ ತಯಾರಿಕೆ ನಿಂತ ಸುದ್ದಿ ಓದಿದಾಗ ಹಳೆಯ ಸಹೋದ್ಯೋಗಿಯೊಬ್ಬರು ತೀರಿಕೊಂಡಂತೆ ಅನ್ನಿಸಿತ್ತು.

ಆ ಕಾರನ್ನು ನಾನು ಬಲ್ಲೆನಾಗಿದ್ದೆ. ಚಳಿಗಾಲದ ಬೆಳಿಗ್ಗೆ ಚೋಕ್ ಎಷ್ಟು ಎಳೆಯಬೇಕು, ಫ್ಯಾನ್ ಬೆಲ್ಟ್ ಕಿರುಗುಟ್ಟಿದರೆ ಏನರ್ಥ, ಪ್ಲಗ್ಗಿನ ತುದಿಯ ಬಣ್ಣ ಏನು ಹೇಳುತ್ತದೆ, ಎಲ್ಲವೂ ಗೊತ್ತಿತ್ತು. ಶನಿವಾರ ಬೆಳಗಿನ ಶಾಲೆ ಮುಗಿಸಿ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳನ್ನು ಸುತ್ತುವುದು ನನಗೆ ಒಂದು ಹಬ್ಬವೇ ಆಗಿತ್ತು. 2012ರಲ್ಲಿ ಅದನ್ನು ಕೊಟ್ಟು ಹೊಸ ಕಾರು ತಂದೆ. ಹೊಸದರಲ್ಲಿ ಕಾರ್ಬುರೇಟರ್ ಇಲ್ಲ, ಚೋಕ್ ಇಲ್ಲ. ಬಾನೆಟ್ ತೆರೆದರೆ ಕಾಣುವುದು ಕಪ್ಪು ಪ್ಲಾಸ್ಟಿಕ್ಕಿನ ಮುಚ್ಚಳ. ‘ಇದು ಕಂಪ್ಯೂಟರಿನ ಕಾಲ, ನಮಗೇನು ಕೆಲಸ’ ಎಂದು ಬಾನೆಟ್ ತೆರೆಯುವ ಅಭ್ಯಾಸವನ್ನೇ ಬಿಟ್ಟೆ. ನನ್ನ ತಪ್ಪು ಅಲ್ಲಿಂದಲೇ ಆರಂಭವಾಯಿತು.

2018ರಲ್ಲಿ ನಿವೃತ್ತನಾದೆ. 2021ರ ಆಗಸ್ಟ್ ಕೊನೆಯಲ್ಲಿ ಮೈಸೂರು ರಸ್ತೆಯಿಂದ ಕೆಂಗೇರಿಯವರೆಗಿನ ಮೆಟ್ರೋ ಆರಂಭವಾಗಿ ನಮ್ಮ ನಾಯಂಡಹಳ್ಳಿಗೂ ನಿಲ್ದಾಣ ಬಂತು. ಮೆಜೆಸ್ಟಿಕ್ಕಿಗಾಗಲಿ ವಿಜಯನಗರಕ್ಕಾಗಲಿ ಹೋಗಲು ಕಾರು ತೆಗೆಯುವುದು ಮೂರ್ಖತನವೆನಿಸಿತು. ನಾಯಂಡಹಳ್ಳಿ ಜಂಕ್ಷನ್ನಿನಲ್ಲಿ ಅರ್ಧ ಕ್ಲಚ್ಚಿನಲ್ಲಿ ಕಾಲು ಸೋಲಿಸಿಕೊಂಡವರಿಗೆ ಈ ಮಾತು ಅರ್ಥವಾಗುತ್ತದೆ. ಕಾರು ಮನೆಯ ಮುಂದೆ ಹೊದಿಕೆ ಹೊದ್ದು ನಿಂತಿತು. ವರ್ಷಕ್ಕೆ ಎರಡು ಸಾವಿರ ಕಿಲೋಮೀಟರ್ ಓಡಿದರೆ ಹೆಚ್ಚು. ‘ಓಡದ ಕಾರಿಗೆ ಏನು ಸರ್ವೀಸು’ ಎಂಬುದು ನನ್ನ ವಾದವಾಗಿತ್ತು.

2022ರಲ್ಲಿ ಒಂದು ದಿನ ಬ್ಯಾಟರಿ ಕೈಕೊಟ್ಟಿತು. ನಮ್ಮ ಬಡಾವಣೆಯ ಗ್ಯಾರೇಜಿನ ಮೆಕ್ಯಾನಿಕ್ ಬಂದು ಬೇರೆ ಬ್ಯಾಟರಿಗೆ ವೈರು ಹಚ್ಚಿ ಕಾರು ಶುರು ಮಾಡಿಕೊಟ್ಟ. ಏಳನೆಯ ತರಗತಿಗೇ ಓದು ಬಿಟ್ಟು ಸ್ಪ್ಯಾನರ್ ಹಿಡಿದ ಮನುಷ್ಯ. ಬಾನೆಟ್ ಮುಚ್ಚುವ ಮೊದಲು ಒಳಗೆ ಬಗ್ಗಿ ನೋಡಿ, “ಮೇಷ್ಟ್ರೇ, ಬ್ರೇಕ್ ಆಯಿಲ್ ಡಿಕಾಕ್ಷನ್ ಥರ ಆಗೋಗಿದೆ. ಯಾವಾಗ ಚೇಂಜ್ ಮಾಡ್ಸಿದ್ರಿ?” ಎಂದ.

“ಓಡಿಯೇ ಇಲ್ಲವಲ್ಲಪ್ಪಾ, ಅದಕ್ಕೇನಾಗುತ್ತದೆ?” ಎಂದೆ.

“ಓಡ್ದೇ ಇದ್ರೂ ಹಾಳಾಗುತ್ತೆ ಸಾರ್. ಅದು ನೀರು ಎಳ್ಕೊಳ್ಳುತ್ತೆ.”

ನಾನು ಒಳಗೊಳಗೇ ನಕ್ಕೆ. ಮುಚ್ಚಳ ಹಾಕಿದ ಡಬ್ಬಿಯೊಳಕ್ಕೆ ನೀರು ಎಲ್ಲಿಂದ ಬರಬೇಕು? ಕೆಲವು ನೂರು ರೂಪಾಯಿಯ ಕೆಲಸ ಹುಡುಕುತ್ತಿದ್ದಾನೆ ಎಂದುಕೊಂಡು “ಮುಂದಿನ ಸಲ ನೋಡೋಣ” ಎಂದು ಕಳುಹಿಸಿಬಿಟ್ಟೆ. ಅವನು ಮತ್ತೇನೂ ಹೇಳಲಿಲ್ಲ. ಆ ಕ್ಷಣದಲ್ಲಿ ನನಗೆ ಕಂಡದ್ದು ಅವನ ಕೈಯ ಗ್ರೀಸು ಮಾತ್ರ. ಆ ಕೈ ಇಪ್ಪತ್ತೈದು ವರ್ಷ ಎಷ್ಟು ಬ್ರೇಕುಗಳನ್ನು ಬಿಚ್ಚಿ ಜೋಡಿಸಿದೆ ಎಂಬುದು ಕಾಣಲಿಲ್ಲ.

2023ರ ದಸರಾ ರಜೆಯಲ್ಲಿ ಮೊಮ್ಮಗಳು ನಮ್ಮ ಮನೆಗೆ ಬಂದಿದ್ದಳು. ಆಗ ಅವಳಿಗೆ ಒಂಬತ್ತು ವರ್ಷ. ಅವಳನ್ನು ಕರೆದುಕೊಂಡು ಧರ್ಮಸ್ಥಳಕ್ಕೆ ಹೋಗಿಬರೋಣವೆಂದು ಪತ್ನಿ ಆಸೆಪಟ್ಟಳು. ಹಾಸನ, ಬೇಲೂರು, ಮೂಡಿಗೆರೆ ದಾಟಿ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಘಾಟಿ ಇಳಿಯತೊಡಗಿದೆವು. ದಾರಿಯಲ್ಲಿ ಅಣ್ಣಪ್ಪಸ್ವಾಮಿಯ ಗುಡಿಯ ಬಳಿ ನಿಲ್ಲಿಸಿ, ಎಲ್ಲ ಚಾಲಕರಂತೆ ನಾನೂ ಕೈ ಮುಗಿದೆ. ಮಂಜು ಮುಸುಕಿತ್ತು, ಬಂಡೆಗಳ ಮೇಲಿಂದ ಇನ್ನೂ ನೀರು ಸುರಿಯುತ್ತಿತ್ತು. ಮೊಮ್ಮಗಳು ಕಿಟಕಿಗೆ ಮುಖವಿಟ್ಟು ಝರಿಗಳನ್ನು ಎಣಿಸುತ್ತಿದ್ದಳು.

ನಾನು ಮೂರನೆಯ ನಾಲ್ಕನೆಯ ಗೇರಿನಲ್ಲೇ ಇಳಿಸುತ್ತ, ವೇಗ ಹೆಚ್ಚಿದಂತೆಲ್ಲ ಬ್ರೇಕಿನ ಮೇಲೆ ಕಾಲಿಡುತ್ತ ಬಂದೆ. ನಿಜ ಹೇಳಬೇಕೆಂದರೆ ಕಾಲು ತೆಗೆದದ್ದೇ ಕಡಿಮೆ. ಒಂದು ತಿರುವಿನಲ್ಲಿ ಸುಟ್ಟ ವಾಸನೆ ಬಂತು. ಮುಂದಿನ ಲಾರಿಯದಿರಬೇಕು ಎಂದುಕೊಂಡೆ. ಇನ್ನೆರಡು ತಿರುವು ಕಳೆದು ಬ್ರೇಕ್ ಒತ್ತಿದರೆ ಪೆಡಲು ಹತ್ತಿಯ ದಿಂಬಿನಂತೆ ಮೆತ್ತಗೆ ಕೆಳಗೆ ಹೋಯಿತು. ಕಾರು ನಿಧಾನವಾಗಲಿಲ್ಲ. ಎದುರಿಗೆ ಹಿಮ್ಮುರಿ ತಿರುವು, ಅದರಾಚೆ ಕಣಿವೆ.

ಪತ್ನಿ “ರೀ” ಎಂದಷ್ಟೇ ಅಂದಳು. ಆ ಒಂದು ಅಕ್ಷರ ಇನ್ನೂ ನನ್ನ ಕಿವಿಯಲ್ಲಿದೆ. ಪೆಡಲನ್ನು ಬಿಟ್ಟು ಒತ್ತಿ, ಬಿಟ್ಟು ಒತ್ತಿ ಮಾಡಿದೆ. ಸ್ವಲ್ಪ ಹಿಡಿತ ಸಿಕ್ಕಿತು. ಎರಡನೆಯ ಗೇರಿಗೆ ಹಾಕಿದಾಗ ಇಂಜಿನ್ನು ಅರಚಿ ಕಾರು ಮುಗ್ಗರಿಸಿದಂತಾಯಿತು. ಹ್ಯಾಂಡ್ ಬ್ರೇಕನ್ನು ಗುಂಡಿ ಒತ್ತಿ ಹಿಡಿದುಕೊಂಡೇ ಸ್ವಲ್ಪ ಸ್ವಲ್ಪವಾಗಿ ಎಳೆದೆ. ಗುಡ್ಡದ ಕಡೆಯ ಚರಂಡಿಯ ಮಣ್ಣಿಗೆ ಚಕ್ರ ತಗುಲಿಸಿ ಕಾರನ್ನು ನಿಲ್ಲಿಸಿದೆ. ಮೊಮ್ಮಗಳು “ತಾತ, ಇಲ್ಲೂ ಝರಿ ಇದೆಯಾ?” ಎಂದು ಕೇಳಿದಳು. ನನ್ನ ಕೈ ನಡುಗುತ್ತಿದ್ದುದರಿಂದ ಬಾಗಿಲು ತೆರೆಯಲು ಆಗಲಿಲ್ಲ.

ಹಿಂದೆ ಬಂದ ಲಾರಿಯ ಚಾಲಕರೊಬ್ಬರು ನಿಲ್ಲಿಸಿ ಇಳಿದರು. ಚಕ್ರದ ಬಳಿ ಕೈ ಹಿಡಿದು ಬಿಸಿ ನೋಡಿ, “ನೀರು ಗೀರು ಹಾಕ್ಬೇಡಿ ಸಾರ್, ಡಿಸ್ಕ್ ಸೊಟ್ಟ ಆಯ್ತದೆ. ತಣ್ಗಾಗೋಕೆ ಬಿಡಿ, ಬ್ರೇಕ್ ತಾನೇ ಬರ್ತದೆ. ಆಮೇಲೆ ಫಸ್ಟ್ ಗೇರ್, ಸೆಕೆಂಡ್ ಗೇರಲ್ಲೇ ಇಳೀರಿ. ಹತ್ತೋ ಗೇರಲ್ಲೇ ಇಳೀಬೇಕು” ಎಂದರು. ಚಕ್ರಕ್ಕೆ ಕಲ್ಲು ಕೊಟ್ಟು ಹೋದರು. ಮುಕ್ಕಾಲು ಗಂಟೆಯ ನಂತರ ಪೆಡಲು ಮತ್ತೆ ಗಟ್ಟಿಯಾಯಿತು. ಉಜಿರೆಯವರೆಗೆ ಎತ್ತಿನಗಾಡಿಯಂತೆ ಬಂದೆವು. ಅಲ್ಲಿ ಬ್ರೇಕ್ ಆಯಿಲ್ ಬದಲಾಯಿಸಿಕೊಂಡೆವು. ಹೊರಬಂದ ದ್ರವ ನಿಜಕ್ಕೂ ಕಾಫಿ ಡಿಕಾಕ್ಷನ್ನಿನಂತಿತ್ತು.

ಈಗ ನನ್ನ ವಿದ್ಯಾರ್ಥಿಗಳು ಒಂದು ಪಾಠವನ್ನು ನೆನಪಿಸಿಕೊಳ್ಳಬೇಕು. ಪ್ಯಾಸ್ಕಲನ ನಿಯಮದ ದಿನ ನಾನು ಒಂದು ದೊಡ್ಡ, ಒಂದು ಚಿಕ್ಕ ಸಿರಿಂಜು ತರುತ್ತಿದ್ದೆ. ಎರಡಕ್ಕೂ ನಳಿಕೆ ಜೋಡಿಸಿ, ನೀರು ತುಂಬಿ, ಚಿಕ್ಕದನ್ನು ಒತ್ತಿದರೆ ದೊಡ್ಡದು ಮೇಲೇಳುತ್ತಿತ್ತು. ಆಮೇಲೆ ಬೇಕೆಂದೇ ನಳಿಕೆಯೊಳಗೆ ಗಾಳಿಯ ಗುಳ್ಳೆಗಳನ್ನು ಬಿಟ್ಟು ಮತ್ತೆ ಒತ್ತಿಸುತ್ತಿದ್ದೆ. ಆಗ ಮೊದಲು ಗುಳ್ಳೆ ಕುಗ್ಗುತ್ತಿತ್ತು, ದೊಡ್ಡ ಸಿರಿಂಜು ಅಲ್ಲಾಡುತ್ತಿರಲಿಲ್ಲ. ‘ದ್ರವವನ್ನು ಒತ್ತಿ ಕುಗ್ಗಿಸಲಾಗದು, ಅನಿಲವನ್ನು ಕುಗ್ಗಿಸಬಹುದು’ ಎಂದು ಕಪ್ಪುಹಲಗೆಯ ಮೇಲೆ ಬರೆದು ಕೆಳಗೆ ಎರಡು ಗೆರೆ ಎಳೆಯುತ್ತಿದ್ದೆ. ಪ್ರತಿ ವರ್ಷ ‘ಉದಾಹರಣೆ: ವಾಹನದ ಬ್ರೇಕ್’ ಎಂದೂ ಬರೆಸುತ್ತಿದ್ದೆ.

ಚಾರ್ಮಾಡಿಯಲ್ಲಿ ನಡೆದದ್ದು ಇಷ್ಟೇ. ಸಾಮಾನ್ಯ ಬ್ರೇಕ್ ಆಯಿಲಿಗೆ ತೇವವನ್ನು ಹೀರಿಕೊಳ್ಳುವ ಗುಣವಿದೆ. ರಬ್ಬರ್ ಹೋಸುಗಳ ಮೂಲಕ, ಡಬ್ಬಿಯ ಮುಚ್ಚಳದ ಸಣ್ಣ ಗಾಳಿಕಿಂಡಿಯ ಮೂಲಕ ಗಾಳಿಯ ತೇವ ಒಳಸೇರುತ್ತಲೇ ಇರುತ್ತದೆ. ಕಾರು ಓಡಲಿ, ನಿಲ್ಲಲಿ, ಅದಕ್ಕೆ ಭೇದವಿಲ್ಲ. ಡಾಟ್ 3 ದರ್ಜೆಯ ಹೊಸ ದ್ರವ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು; ಅದರಲ್ಲಿ ಶೇಕಡ 3.7ರಷ್ಟು ನೀರು ಸೇರಿದರೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ರಲ್ಲಿ 230 ಇದ್ದದ್ದು 155ಕ್ಕೆ ಬರುತ್ತದೆ. ಘಾಟಿಯಲ್ಲಿ ಬ್ರೇಕನ್ನು ಒತ್ತಿಕೊಂಡೇ ಇಳಿದರೆ ಚಕ್ರದ ಬಳಿ ಅಷ್ಟು ಬಿಸಿ ಸಲೀಸಾಗಿ ಹುಟ್ಟುತ್ತದೆ. ದ್ರವ ಕುದಿದು ಆವಿಯ ಗುಳ್ಳೆಯಾಯಿತು. ನನ್ನ ಕಾಲಿನ ಬಲವೆಲ್ಲ ಗುಳ್ಳೆಯನ್ನು ಕುಗ್ಗಿಸುವುದಕ್ಕೇ ಖರ್ಚಾಯಿತು. ತಣ್ಣಗಾದ ಮೇಲೆ ಆವಿ ಮತ್ತೆ ದ್ರವವಾಯಿತು, ಬ್ರೇಕ್ ಬಂತು. ಹ್ಯಾಂಡ್ ಬ್ರೇಕು ಈ ದ್ರವವನ್ನು ನಂಬಿಲ್ಲ; ಅದು ತಂತಿಯಿಂದ ಹಿಂದಿನ ಚಕ್ರಗಳನ್ನು ಹಿಡಿಯುತ್ತದೆ. ಅಂದು ನಮ್ಮನ್ನು ಉಳಿಸಿದ್ದು ಆ ತಂತಿ ಮತ್ತು ಎರಡನೆಯ ಗೇರು.

ಊರಿಗೆ ಬಂದ ಮಾರನೆಯ ದಿನ ಗ್ಯಾರೇಜಿಗೆ ಹೋದೆ. ನಡೆದದ್ದನ್ನೆಲ್ಲ ಹೇಳಿ, “ನೀನು ಹೇಳಿದ್ದೇ ಸರಿಯಪ್ಪಾ, ನಾನೇ ಕೇಳಲಿಲ್ಲ” ಎಂದೆ. ಅವನು ‘ನಾನು ಹೇಳಿರಲಿಲ್ಲವೇ’ ಎನ್ನಲಿಲ್ಲ. “ಮಗು ಹೆದರ್ಕೊಂಡ್ತಾ ಸಾರ್?” ಎಂದು ಮಾತ್ರ ಕೇಳಿದ. ಮನೆಕೆಲಸ ಮಾಡದೆ ಬಂದ ಹುಡುಗನಂತೆ ನಾನು ನಿಂತಿದ್ದೆ. ಅಂಥ ಹುಡುಗರನ್ನು ನಾನು ಅಷ್ಟು ಮೃದುವಾಗಿ ಮಾತನಾಡಿಸಿದ ನೆನಪು ನನಗಿಲ್ಲ.

ಅಂದಿನಿಂದ ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತೇನೆ. ಮೊದಲನೆಯದು, ಕಾರಿನ ವಯಸ್ಸನ್ನು ಮೀಟರಿನಿಂದ ಮಾತ್ರವಲ್ಲ, ಪಂಚಾಂಗದಿಂದಲೂ ಲೆಕ್ಕ ಹಾಕಬೇಕು. ಬ್ರೇಕ್ ಆಯಿಲನ್ನು ಎರಡು ವರ್ಷಕ್ಕೊಮ್ಮೆ ಬದಲಾಯಿಸಿ. ಇಂಜಿನ್ ಆಯಿಲನ್ನು ಕಿಲೋಮೀಟರ್ ತುಂಬದಿದ್ದರೂ ವರ್ಷಕ್ಕೊಮ್ಮೆ ಬದಲಾಯಿಸಿ. ಹತ್ತಿರದ ಓಡಾಟದಲ್ಲಿ ಇಂಜಿನ್ನು ಪೂರ್ತಿ ಬಿಸಿಯಾಗದೆ ಆಯಿಲಿನಲ್ಲಿ ತೇವ ಉಳಿಯುತ್ತದೆ. ಕೂಲಂಟಿಗೂ ಒಂದು ಅವಧಿಯಿದೆ. ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲಿ ಬರೆದಿರುತ್ತದೆ. ಆ ಪುಸ್ತಕವನ್ನು ಡ್ಯಾಶ್‌ಬೋರ್ಡಿನ ಡಬ್ಬಿಯಿಂದ ಹೊರತೆಗೆದು ಒಮ್ಮೆ ಓದಿ. ರೇಡಿಯೇಟರಿಗೆ ನಮ್ಮ ಬೋರ್‌ವೆಲ್ಲಿನ ಗಡಸು ನೀರು ಸುರಿಯಬೇಡಿ. ಬಿಸಿನೀರಿನ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿಯ ಪದರವೇ ಅಲ್ಲಿಯೂ ಕಟ್ಟುತ್ತದೆ. ಇಂಜಿನ್ನು ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳವನ್ನು ಎಂದಿಗೂ ತೆರೆಯಬೇಡಿ. ಪ್ರೆಷರ್ ಕುಕ್ಕರನ್ನು ವಿಸಿಲ್ ಇಳಿಯುವ ಮೊದಲು ತೆರೆಯುವುದೂ ಅದೂ ಒಂದೇ.

ಟೈರಿಗೂ ಹುಟ್ಟಿದ ದಿನವಿದೆ. ಅದರ ಪಕ್ಕದಲ್ಲಿ ಡಾಟ್ ಎಂಬ ಗುರುತಿನ ಸಾಲಿನ ಕೊನೆಗೆ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ 2019ರ 23ನೆಯ ವಾರ ತಯಾರಾದದ್ದು ಎಂದರ್ಥ. ಗೀರು ಸವೆಯದಿದ್ದರೂ ರಬ್ಬರು ಬಿಸಿಲಿಗೆ ಬಿರುಕು ಬಿಡುತ್ತದೆ. ನಿಂತಲ್ಲೇ ನಿಂತರೆ ಟೈರು ಒಂದು ಕಡೆ ಚಪ್ಪಟೆಯಾಗುತ್ತದೆ. ಗಾಳಿಯನ್ನು ಟೈರು ತಣ್ಣಗಿರುವಾಗಲೇ ನೋಡಿಸಿ, ಸ್ಟೆಪ್ನಿಯನ್ನು ಮರೆಯಬೇಡಿ.

ವಾರಕ್ಕೊಮ್ಮೆ ಅರ್ಧ ಗಂಟೆ ಕಾರನ್ನು ಓಡಿಸಿ. ನಿಂತಲ್ಲೇ ಐದು ನಿಮಿಷ ಇಂಜಿನ್ ಶುರು ಮಾಡಿಟ್ಟರೆ ಬ್ಯಾಟರಿ ತುಂಬುವುದಿಲ್ಲ, ಪೆಟ್ರೋಲು ಖಾಲಿಯಾಗುತ್ತದೆ ಅಷ್ಟೆ. ಬಹಳ ದಿನ ನಿಲ್ಲಿಸುವುದಾದರೆ ಹ್ಯಾಂಡ್ ಬ್ರೇಕ್ ಎಳೆದಿಡಬೇಡಿ, ಅಂಟಿಕೊಳ್ಳಬಹುದು. ಗೇರಿನಲ್ಲಿಟ್ಟು ಚಕ್ರಕ್ಕೆ ಇಟ್ಟಿಗೆ ಕೊಡಿ. ಆಗಾಗ ಬಾನೆಟ್ ತೆರೆಯಿರಿ. ಇಲಿಗಳಿಗೆ ಅದು ಬೆಚ್ಚನೆಯ ಮನೆ; ವೈರು ಕಡಿದರೆ ಸಾವಿರಾರು ರೂಪಾಯಿಯ ಖರ್ಚು.

ನಮ್ಮ ನಾಯಂಡಹಳ್ಳಿಯವರಿಗೆ ಇನ್ನೊಂದು ಕಷ್ಟವಿದೆ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿದಳೆಂದು ಪ್ರತೀತಿಯಿರುವ ವೃಷಭಾವತಿ ನಮ್ಮಲ್ಲಿಗೆ ಬರುವ ಹೊತ್ತಿಗೆ ಕೊಳಚೆಯಾಗಿರುತ್ತಾಳೆ. ಆ ವಾಸನೆಯಲ್ಲಿರುವ ಹೈಡ್ರೋಜನ್ ಸಲ್ಫೈಡ್ ಬೆಳ್ಳಿ ತಾಮ್ರಗಳನ್ನು ಕಪ್ಪಾಗಿಸುತ್ತದೆ. ನಮ್ಮ ದೇವರ ಮನೆಯ ಬೆಳ್ಳಿ ದೀಪ ತೊಳೆದ ಕೆಲವೇ ದಿನಗಳಲ್ಲಿ ಕಪ್ಪಾಗುವುದು ಇದರಿಂದಲೇ. ನಿಂತ ಕಾರಿನ ವೈರುಗಳ ತುದಿಗಳಿಗೂ ಫ್ಯೂಸುಗಳ ಕಾಲುಗಳಿಗೂ ಇದೇ ಗಾಳಿ ತಾಗುತ್ತದೆ. ದೀಪ ಮಿಣುಕಿದರೆ, ಹಾರ್ನು ತೊದಲಿದರೆ ಮೊದಲು ಅವನ್ನು ಬಿಚ್ಚಿ ಶುಚಿ ಮಾಡಿಸಿ, ಆಮೇಲೆ ಹೊಸ ಭಾಗಕ್ಕೆ ಹಣ ಕೊಡಿ.

2025ರ ಹೊತ್ತಿಗೆ ನಮ್ಮ ಬಂಕುಗಳಲ್ಲಿ ಶೇಕಡ 20 ಎಥೆನಾಲ್ ಬೆರೆತ ಪೆಟ್ರೋಲು ಸಾಮಾನ್ಯವಾಯಿತು. ಎಥೆನಾಲಿಗೂ ನೀರಿನ ಮೇಲೆ ಮೋಹ. ಹಳೆಯ ಕಾರಾದರೆ ಪೆಟ್ರೋಲಿನ ರಬ್ಬರ್ ಹೋಸುಗಳನ್ನು ಸರ್ವೀಸಿನ ವೇಳೆ ನೋಡಿಸಿ. ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಅದೇ ಪೆಟ್ರೋಲನ್ನು ಉಳಿಸಬೇಡಿ.

ಮಳೆಗಾಲದ ಮಾತೂ ಅದೇ ಪಾಠದ ಇನ್ನೊಂದು ಮುಖ. ದ್ರವ ಕುಗ್ಗದು ಎಂಬುದು ಬ್ರೇಕಿನಲ್ಲಿ ವರ, ಇಂಜಿನ್ನಿನಲ್ಲಿ ಶಾಪ. ನಿಂತ ನೀರಿಗೆ ಕಾರು ನುಗ್ಗಿಸಿ ಸಿಲಿಂಡರಿನೊಳಗೆ ನೀರು ಹೋದರೆ, ಕುಗ್ಗದ ನೀರಿಗೆ ಗುದ್ದಿ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ನೀರಿನಲ್ಲಿ ಕಾರು ನಿಂತುಹೋದರೆ ಮತ್ತೆ ಶುರು ಮಾಡಲು ಹೋಗಬೇಡಿ, ಇಳಿದು ತಳ್ಳಿಸಿ. 2023ರ ಮೇ 21ರಂದು ಕೆ.ಆರ್. ವೃತ್ತದ ಅಂಡರ್‌ಪಾಸಿನಲ್ಲಿ ಮಳೆನೀರಿಗೆ ಕಾರು ಸಿಲುಕಿ ಯುವತಿಯೊಬ್ಬಳು ಪ್ರಾಣ ಕಳೆದುಕೊಂಡಳು. ನೀರಿನ ಆಳ ಕಾಣದಿದ್ದರೆ ಹಿಂದಕ್ಕೆ ತಿರುಗುವುದರಲ್ಲಿ ಅವಮಾನವಿಲ್ಲ.

ಘಾಟಿ ಇಳಿಯುವಾಗ ಪೆಟ್ರೋಲು ಉಳಿಸಲೆಂದು ನ್ಯೂಟ್ರಲ್ಲಿಗೆ ಹಾಕುವವರಿದ್ದಾರೆ. ಈಗಿನ ಇಂಜೆಕ್ಷನ್ ಇಂಜಿನ್ನುಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಪೆಟ್ರೋಲು ತಾನಾಗಿ ನಿಲ್ಲುತ್ತದೆ; ನ್ಯೂಟ್ರಲ್ಲಿನಲ್ಲಿಯೇ ಖರ್ಚು ಹೆಚ್ಚು. ಇಂಜಿನ್ ಆರಿಸಿದರಂತೂ ಬ್ರೇಕಿಗೆ ಸಿಗುವ ಸಹಾಯವೂ ಹೋಗುತ್ತದೆ, ಸ್ಟೇರಿಂಗೂ ಭಾರವಾಗುತ್ತದೆ. ಲಾರಿ ಚಾಲಕರು ಹೇಳಿದ್ದನ್ನೇ ನೆನಪಿಡಿ: ಹತ್ತುವ ಗೇರಿನಲ್ಲೇ ಇಳಿಯಬೇಕು.

ಈಗ ನನ್ನ ಕಾರಿನಲ್ಲಿ ನಲವತ್ತು ಪುಟದ ಒಂದು ನೋಟ್‌ಬುಕ್ಕಿದೆ. ಯಾವ ದಿನ ಯಾವ ಆಯಿಲು, ಯಾವ ಟೈರು, ಎಷ್ಟು ಖರ್ಚು, ಎಲ್ಲವನ್ನೂ ಹಾಜರಿ ಪುಸ್ತಕದಂತೆ ಬರೆಯುತ್ತೇನೆ. ಮುಂದಿನ ದಿನಾಂಕವನ್ನು ಕೆಂಪು ಶಾಯಿಯಲ್ಲಿ ಗುರುತಿಸುತ್ತೇನೆ. ಮೆಕ್ಯಾನಿಕ್ ಏನಾದರೂ ಹೇಳಿದರೆ ‘ಏಕೆ’ ಎಂದು ಕೇಳುತ್ತೇನೆ. ಆದರೆ ಈಗ ಕೇಳುವುದು ಅನುಮಾನದಿಂದಲ್ಲ, ತಿಳಿಯುವ ಆಸೆಯಿಂದ. ಬಿಚ್ಚಿದ ಹಳೆಯ ಭಾಗವನ್ನು ತೋರಿಸು ಎಂದೂ ಕೇಳುತ್ತೇನೆ. ಒಳ್ಳೆಯ ಕೆಲಸಗಾರ ಸಂತೋಷದಿಂದ ತೋರಿಸುತ್ತಾನೆ.

ಫೋನು ಮಾಡಿದ ಶಿಷ್ಯನಿಗೆ ಇಷ್ಟನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಸಾರ್, ಆ ಎರಡು ಸಿರಿಂಜು ನನಗೆ ಚೆನ್ನಾಗಿ ನೆನಪಿದೆ. ಗುಳ್ಳೆ ಬಿಟ್ಟಾಗ ಒತ್ತಿದ್ದು ನಾನೇ” ಎಂದ. ಮರುದಿನವೇ ಕಾರನ್ನು ಗ್ಯಾರೇಜಿಗೆ ಬಿಟ್ಟನಂತೆ. ಬ್ರೇಕ್ ಆಯಿಲ್ ಕಪ್ಪಾಗಿತ್ತೆಂದು ಸಂಜೆ ತಿಳಿಸಿದ.

ನೀವೂ ನಾಳೆ ಬೆಳಿಗ್ಗೆ ಕಾಫಿ ಕುಡಿದು ಬಾನೆಟ್ ಒಂದು ಸಲ ತೆರೆದು ನೋಡಿ. ಕೊನೆಯ ಸಲ ಬ್ರೇಕ್ ಆಯಿಲ್ ಬದಲಾಯಿಸಿದ್ದು ಯಾವಾಗ ಎಂಬ ಪ್ರಶ್ನೆಗೆ ತಿಂಗಳು, ವರ್ಷ ಸಹಿತ ಉತ್ತರ ಬರಲಿಲ್ಲವಾದರೆ, ನಿಮ್ಮ ಮೇಷ್ಟ್ರ ಹಾಗೆ “ಮುಂದಿನ ಸಲ ನೋಡೋಣ” ಎನ್ನಬೇಡಿ. ಎಲ್ಲರ ಪ್ರಯಾಣವೂ ಸುಖಕರವಾಗಿರಲಿ.